ಜಾಥಾ ಹೊರಟರೆ ಮತದಾನ ಏರುತ್ತದೆಯೇ?

ಚಳ್ಳಕೆರೆಯ ಓದುಗರೊಬ್ಬರು ಕೇಳಿದ್ದಾರೆ: ಪ್ರತಿ ಚುನಾವಣೆಗೂ ನಮ್ಮೂರಲ್ಲಿ ಸ್ವೀಪ್ (ಮತದಾರರ ಜಾಗೃತಿ) ಸಮಿತಿಯವರು ಜಾಥಾ, ಮಾನವ ಸರಪಳಿ, ರಂಗೋಲಿ ಸ್ಪರ್ಧೆ ಮಾಡಿಸುತ್ತಾರೆ, ಅದರಿಂದ ಮತದಾನ ಹೆಚ್ಚುತ್ತದೆಂದು ಯಾರಾದರೂ ಅಳೆದು ನೋಡಿದ್ದಾರೆಯೇ?

ಅಳೆಯುವ ವಿಧಾನ ಶೇಂಗಾ ಬೆಳೆಯುವವರಿಗೆ ಹೊಸದಲ್ಲ. ಹೊಸ ಗೊಬ್ಬರ ಬಂದಾಗ ಹೊಲಕ್ಕೆಲ್ಲ ಹಾಕಿದರೆ, ಇಳುವರಿ ಏರಿದ್ದು ಗೊಬ್ಬರದಿಂದಲೋ ಮಳೆಯಿಂದಲೋ ತಿಳಿಯುವುದಿಲ್ಲ. ಅರ್ಧಕ್ಕೆ ಹಾಕಿ ಅರ್ಧ ಬಿಟ್ಟರೆ ತಿಳಿಯುತ್ತದೆ. ಆದರೆ ಯಾವ ಅರ್ಧಕ್ಕೆ ಎಂಬುದನ್ನು ರೈತ ತಾನೇ ಆರಿಸಿದರೆ ಒಳ್ಳೆಯ ಮಣ್ಣಿನ ಕಡೆಗೇ ಕೈ ಹೋಗುತ್ತದೆ. ಹಾಗಾಗಿ ಹೊಲದ ಪಟ್ಟಿಗಳನ್ನು ಚೀಟಿ ಎತ್ತಿ ಆರಿಸಬೇಕೆಂದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಹೇಳಿದರು. ಅದೇ ದಶಕದಲ್ಲಿ, 1924ರ ಚುನಾವಣೆಗೆ ಮುನ್ನ, ಷಿಕಾಗೋದಲ್ಲಿ ರಾಜಕೀಯ ವಿಜ್ಞಾನಿ ಹೆರಾಲ್ಡ್ ಗಾಸ್ನೆಲ್ ಸುಮಾರು 6,000 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ನೆನಪಿನ ಪತ್ರ ಕಳಿಸಿದರು. ಪತ್ರ ಹೋದ ಗುಂಪಿನಲ್ಲಿ ಹೆಸರು ನೋಂದಾಯಿಸಿದವರು ಹೆಚ್ಚು.

ಚೀಟಿ ಎತ್ತುವ ಕ್ರಮವನ್ನು ದೊಡ್ಡದಾಗಿ ತಂದದ್ದು 1998ರಲ್ಲಿ, ಅಮೆರಿಕದ ನ್ಯೂ ಹೇವನ್ ಊರಿನಲ್ಲಿ. ರಾಜಕೀಯ ವಿಜ್ಞಾನಿಗಳಾದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಸುಮಾರು 30,000 ಮತದಾರರನ್ನು ಹಂಚಿ ಕೆಲವರಿಗೆ ಪತ್ರ, ಕೆಲವರಿಗೆ ಫೋನು, ಕೆಲವರ ಮನೆ ಬಾಗಿಲಿಗೆ ಮನುಷ್ಯರನ್ನು ಕಳಿಸಿದರು. ಫೋನಿನಿಂದ ಏನೂ ಆಗಲಿಲ್ಲ, ಪತ್ರದಿಂದ ಆದದ್ದು ಅತ್ಯಲ್ಪ. ಮನೆಗೆ ಹೋಗಿ ಮಾತಾಡಿಸಿದ ಮತದಾರರಲ್ಲಿ ಮಾತ್ರ ಮತದಾನ ಎಂಟು-ಒಂಬತ್ತು ಶೇಕಡಾ ಅಂಶದಷ್ಟು ಏರಿತು. 2006ರಲ್ಲಿ ಮಿಷಿಗನ್‌ನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ನೀವು ಮತ ಹಾಕಿದಿರೋ ಇಲ್ಲವೋ ಎಂಬುದು ನೆರೆಹೊರೆಗೆ ತಿಳಿಯುತ್ತದೆ ಎಂಬ ಪತ್ರವೊಂದೇ 8.1 ಅಂಶ ಏರಿಸಿತು. ನಮ್ಮಲ್ಲಿ ಆ ಕೆಲಸವನ್ನು 1962ರಿಂದ ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ಮಾಡುತ್ತಿದೆ ಎಂದು ನನಗನ್ನಿಸುತ್ತದೆ. ಹಟ್ಟಿಯಲ್ಲಿ ಬೆರಳು ಎಲ್ಲರ ಕಣ್ಣಿಗೂ ಬೀಳುತ್ತದೆ.

ಹಾಗಾದರೆ ಜಾಥಾ? ಅದು ಹೊರಡುವುದು ಮತದ ಮಹತ್ವ ತಿಳಿಸಲು. ಆದರೆ ನಮ್ಮ ಚಿತ್ರದುರ್ಗ ಜಿಲ್ಲೆ ವಿಧಾನಸಭಾ ಚುನಾವಣೆಗಳಲ್ಲಿ ರಾಜ್ಯದ ಸರಾಸರಿಗಿಂತ ಮೇಲೆಯೇ ಇರುತ್ತದೆ. 2023ರಲ್ಲಿ ಆ ಸರಾಸರಿ ಶೇ. 73.19. ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕಿನವರಿಗೆ ಮತದ ಮಹತ್ವ ತಿಳಿದಿಲ್ಲ ಎಂದುಕೊಳ್ಳುವುದೇ ತಪ್ಪು. ಮತಗಟ್ಟೆಗೆ ಬಾರದವರಲ್ಲಿ ಎಷ್ಟೋ ಮಂದಿ ಆ ದಿನ ಊರಲ್ಲೇ ಇರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ದುಡಿಯಲು ಹೋದವರ ಹೆಸರು ಊರಿನ ಪಟ್ಟಿಯಲ್ಲಿ ಉಳಿದಿರುತ್ತದೆ. ಶೇಕಡಾವಾರು ಲೆಕ್ಕ ಹಾಕುವಾಗ ಅವರೂ ಛೇದದಲ್ಲಿ ಸೇರುತ್ತಾರೆ.

ಇಲ್ಲಿ ನಿಯಮಗಳು ಪ್ರಚಾರಕ್ಕಿಂತ ಭಾರವಾಗುತ್ತವೆ. 2023ರಲ್ಲಿ ಚುನಾವಣಾ ಆಯೋಗ ಮೇ 10ರ ಬುಧವಾರವನ್ನು ಆರಿಸಿದ್ದು, ನಗರದವರು ವಾರಾಂತ್ಯಕ್ಕೆ ಸೇರಿಸಿ ಪ್ರವಾಸ ಹೋಗದಿರಲೆಂದು. ಬೆಂಗಳೂರು ಶೇ. 55ರ ಆಸುಪಾಸಿನಲ್ಲೇ ಉಳಿಯಿತು. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿರುವ ಮೊಳಕಾಲ್ಮೂರಿನವನಿಗೆ ಮಾತ್ರ ವಾರದ ನಡುವಿನ ದಿನ ಕಷ್ಟವೇ. ದಿನಗೂಲಿಯವರಿಗೂ ಮತದಾನದ ದಿನ ವೇತನಸಹಿತ ರಜೆ ಕೊಡಬೇಕೆಂದು ಕಾನೂನಿದೆ; ಆದರೆ ಹೋಗಿಬರಲು ಹಿಡಿಯುವ ಇನ್ನೊಂದು ದಿನದ ಕೂಲಿ, ಬಸ್ ಚಾರ್ಜು ಅವನದೇ. ದೂರದಿಂದಲೇ ಮತ ಹಾಕುವ ಯಂತ್ರದ ಮಾದರಿಯನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು, ಹಲವು ಪಕ್ಷಗಳು ಆಕ್ಷೇಪಿಸಿದವು, ಅದು ಅಲ್ಲಿಗೇ ನಿಂತಿತು. ಒಳ್ಳೆಯ ನಿಯಮಗಳೂ ಇವೆ. 2023ರ ಚುನಾವಣೆಯಲ್ಲಿ 80 ದಾಟಿದವರು ಮನೆಯಲ್ಲೇ ಮತ ಹಾಕಿದರು. 2024ರಲ್ಲಿ ಆ ವಯಸ್ಸನ್ನು 85ಕ್ಕೆ ಏರಿಸಿದ್ದು ನನಗೆ ಸರಿ ಕಾಣುವುದಿಲ್ಲ.

ಜಿಲ್ಲಾ ಸ್ವೀಪ್ ಸಮಿತಿಗೆ ನನ್ನದೊಂದು ಕೋರಿಕೆ. ಮುಂದಿನ ಚುನಾವಣೆಗೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಮತಗಟ್ಟೆಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ. ಒಂದು ಪಾಲಿಗೆ ಎಂದಿನಂತೆ ಜಾಥಾ ಇರಲಿ, ಇನ್ನೊಂದರಲ್ಲಿ ಬಿಎಲ್‌ಓಗಳು (ಮತಗಟ್ಟೆ ಮಟ್ಟದ ಅಧಿಕಾರಿಗಳು) ಮನೆಮನೆಗೆ ಹೋಗಿ ಮಾತಾಡಿಸಲಿ. ಮತಗಟ್ಟೆವಾರು ಅಂಕಿ ಹೇಗೂ ನಿಮ್ಮ ಕೈಯಲ್ಲಿರುತ್ತದೆ. ಫಲಿತಾಂಶವನ್ನು ದಯವಿಟ್ಟು ಪ್ರಕಟಿಸಿ.