ಸಣ್ಣ ಕಂಪನಿಯಲ್ಲಿ ಹುಬ್ಬಳ್ಳಿಯ ವಿದ್ಯಾರ್ಥಿ

ಇಲಕಲ್ಲಿನ ನೇಕಾರರ ಮನೆಗಳಲ್ಲಿ ಕಲಿಕೆಗೆ ಪ್ರತ್ಯೇಕ ಶಾಲೆಯಿಲ್ಲ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಕೌಶಲವನ್ನು ಹುಡುಗರು ಹಿರಿಯರ ಮಗ್ಗದ ಪಕ್ಕದಲ್ಲಿ ಕುಳಿತೇ ಕಲಿಯುತ್ತಾರೆ. ಎಳೆ ತಪ್ಪಿದರೆ ತಪ್ಪಿಸಿದವನು ಯಾರೆಂಬುದು ಮನೆಮಂದಿಗೆಲ್ಲ ತಿಳಿದುಹೋಗುತ್ತದೆ.

ಕಲಾದಗಿ, ಬಾದಾಮಿ, ಹುನಗುಂದಗಳ ತರುಣರಿಗೆ ಈಗ ಮಗ್ಗವೊಂದೇ ಗತಿಯಲ್ಲ. ಬಾಗಲಕೋಟೆಯಲ್ಲಿ 1963ರಲ್ಲೇ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಆದರೆ ಓದು ಮುಗಿಸಿದ ಮಗ ಪರದೇಶದ ಕೆಲಸದ ಮಾತೆತ್ತಿದೊಡನೆ ತಂದೆ ಕೇಳುವುದು ಒಂದೇ ಪ್ರಶ್ನೆ: "ಕಂಪನಿ ದೊಡ್ಡದೈತೇನಪಾ?" ಸಾಲ ಮಾಡಿ ಓದಿಸಿದವರ ಪ್ರಶ್ನೆ ಅದು, ಅದನ್ನು ನಗೆಯಾಡುವಂತಿಲ್ಲ.

ಇದೇ ಪ್ರಶ್ನೆ ಹುಬ್ಬಳ್ಳಿಯ ಗುರುರಾಜ ದೇಶಪಾಂಡೆಯವರಿಗೂ ಎದುರಾಗಬಹುದಾಗಿತ್ತು. ಮದರಾಸಿನ ಐಐಟಿಯಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿ ಪಡೆದು ಅವರು ಕೆನಡಾಕ್ಕೆ ಹೋದರು. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸ್ನಾತಕೋತ್ತರ ಪದವಿ, ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ದತ್ತಾಂಶ ಸಂವಹನವನ್ನು ಕುರಿತು ಡಾಕ್ಟರೇಟ್. ಇಷ್ಟು ಓದಿದವರಿಗೆ ಅಧ್ಯಾಪಕ ಪೀಠವೇ ಸುರಕ್ಷಿತ. ಅವರು ಹಿಡಿದುದು ಟೊರಾಂಟೊದ ಕಡೆಯ ಒಂದು ಚಿಕ್ಕ ಸಂಸ್ಥೆಯನ್ನು. ದೂರವಾಣಿಯ ತಂತಿಯ ಮೂಲಕ ಗಣಕಯಂತ್ರಗಳನ್ನು ಮಾತನಾಡಿಸುವ ಮೋಡೆಮ್ ಉಪಕರಣಗಳಿಗೆ ಹೆಸರಾಗಿದ್ದ ಕೊಡೆಕ್ಸ್ ಕಂಪನಿಯ ಶಾಖೆ ಅದು.

ಚಿಕ್ಕ ಕಂಪನಿಯೆಂದರೆ ನೇಕಾರನ ಮನೆಯೇ ಸರಿ. ಅಲ್ಲಿ ನಕ್ಷೆ ಬರೆದವನ ಕಿವಿಗೇ ಗ್ರಾಹಕನ ದೂರು ಬಂದು ತಾಗುತ್ತದೆ. ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಯಿತೆಂಬುದು ಇಂಜಿನಿಯರನಿಗೂ ಕಾಣುತ್ತದೆ. ವಿಶ್ವವಿದ್ಯಾನಿಲಯ ಕಲಿಸದ ವಿದ್ಯೆಯಿದು. ದೊಡ್ಡ ಕಂಪನಿಗಳಂತೂ ಕಲಿಸುವುದು ಅಪರೂಪ.

ಆ ವಿದ್ಯೆಯ ಶುಲ್ಕವೂ ಅಗ್ಗವಲ್ಲ. 1980ರ ದಶಕದ ಕೊನೆಯಲ್ಲಿ ದೇಶಪಾಂಡೆಯವರು ಅಮೆರಿಕದಲ್ಲಿ ಕೋರಲ್ ನೆಟ್‌ವರ್ಕ್ಸ್ ಎಂಬ ಸ್ವಂತ ಸಂಸ್ಥೆಗೆ ಕೈಹಾಕಿದರು. ಪಾಲುದಾರರೊಡನೆ ಭಿನ್ನಾಭಿಪ್ರಾಯ ಬಂದು ತಾವೇ ಕಟ್ಟಿದ ಮನೆಯಿಂದ ಹೊರಬರಬೇಕಾಯಿತು. ಊರಿಗೆ ಹಿಂದಿರುಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವರು 1990ರಲ್ಲಿ ಕ್ಯಾಸ್ಕೇಡ್ ಎಂಬ ಮತ್ತೊಂದನ್ನು ಕಟ್ಟಿದರು. 1997ರಲ್ಲಿ ಅಸೆಂಡ್ ಕಂಪನಿ ಅದನ್ನು ಕೊಂಡಾಗ ಕೊಟ್ಟ ಬೆಲೆ ಸುಮಾರು 370 ಕೋಟಿ ಡಾಲರು!

1998ರ ಸಿಕಮೋರ್ ಸಂಸ್ಥೆಯ ಕಥೆ ಬೇರೆ. ಮರುವರ್ಷವೇ ಷೇರುಪೇಟೆಯಲ್ಲಿ ಆಕಾಶಕ್ಕೇರಿದ ಅದು, ಅಂತರಜಾಲದ ಕಂಪನಿಗಳ ಉಬ್ಬರ ಇಳಿದೊಡನೆ ಬಹುಪಾಲು ಬೆಲೆಯನ್ನು ಕಳೆದುಕೊಂಡಿತು. 2013ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ದೇಶಪಾಂಡೆಯವರ ಗಮನ ಬೇರೆಡೆಗೆ ಹರಿದಿತ್ತು. 2002ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಶೋಧಕರ ಹೊಸ ಕಲ್ಪನೆಗಳಿಗೆ ನೆರವಾಗುವ ಕೇಂದ್ರವೊಂದು ಅವರ ಮತ್ತು ಪತ್ನಿ ಜಯಶ್ರೀಯವರ ದಾನದಿಂದ ತಲೆಯೆತ್ತಿತು. ಅವರ ಪ್ರತಿಷ್ಠಾನ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿ, ಸ್ವಂತ ಉದ್ಯಮದ ಹಂಬಲವುಳ್ಳ ಈ ಕಡೆಯ ತರುಣರನ್ನು ಬಾಗಿಲಿಗೆ ಕರೆಯಿತು.