ಗಿಟಾರಿನ ಬೆನ್ನಿಗೆ ಬೀಟೆ

ಅಕೌಸ್ಟಿಕ್ ಗಿಟಾರಿನ ಬೆನ್ನು ಸಾಮಾನ್ಯವಾಗಿ ಎರಡು ಹಲಗೆಗಳ ಜೋಡಿ, ಒಂದೊಂದೂ ಸುಮಾರು 20 ಸೆಂ.ಮೀ. ಅಗಲ. ಹಲಗೆ ಸೊಟ್ಟಗಾಗಬಾರದೆಂದರೆ ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ ಕೊಯ್ಯಬೇಕು. ನಡುವಿನ ತಿರುಳನ್ನೂ ಹೊರಗಿನ ಬಿಳಿ ಭಾಗವನ್ನೂ ಬಿಟ್ಟು ಅಷ್ಟಗಲ ಚೇಗು ಸಿಗಬೇಕಾದರೆ ಕಾಂಡ ಅರ್ಧ ಮೀಟರಾದರೂ ದಪ್ಪವಿರಬೇಕು. ನಿಧಾನವಾಗಿ ಬೆಳೆಯುವ ಬೀಟೆಗೆ ಅದು ತಲೆಮಾರುಗಳ ಲೆಕ್ಕ. ಪೀಠೋಪಕರಣಕ್ಕೆ ಹೋಗುವ ನಾಟಾದ ಮುಂದೆ ಗಿಟಾರಿನ ಪಾಲು ಚಿಕ್ಕದು, ನಿಜ. ಆದರೆ ಗಿಟಾರು ಕೇಳುವುದು ಹಿರಿಯ ಮರವನ್ನೇ, ಬೀಜ ಉದುರಿಸುವ ಮರವನ್ನೇ. ನನ್ನ ಆತಂಕ ಅಲ್ಲಿದೆ.

ಬೀಟೆಯ ಕುಲದ್ದೇ ಆದ ಬ್ರೆಜಿಲ್ ರೋಸ್‌ವುಡ್‌ಗೆ ಆದದ್ದನ್ನು ನೋಡಿ. ಕಾನೂನು ಎಚ್ಚೆತ್ತುಕೊಳ್ಳುವ ಮೊದಲೇ ಹಲಗೆಯ ಅಗಲ ಸುದ್ದಿ ಹೇಳಿತ್ತು. ಅಗಲದ ಹಲಗೆ ಸಿಗುವುದು ಕಷ್ಟವಾಗಿ, 1965ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಮೂರು ತುಂಡಿನ ಬೆನ್ನಿರುವ ಡಿ-35 ಗಿಟಾರನ್ನು ಹೊರತಂದಿತು. ಬ್ರೆಜಿಲ್ ದಿಮ್ಮಿಗಳ ರಫ್ತು ತಡೆದ ಮೇಲೆ, 1969ರಲ್ಲಿ, ಅದು ಭಾರತದ ಬೀಟೆಗೆ ಹೊರಳಿತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ ಬ್ರೆಜಿಲ್ ಮರವನ್ನು ಮೊದಲ ಅನುಬಂಧಕ್ಕೆ ಸೇರಿಸಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಹಾಕಿದ್ದು 1992ರಲ್ಲಿ, ಬಹಳ ತಡವಾಗಿ.

ಕೊಡಗು, ಮಲೆನಾಡು, ವಯನಾಡಿನ ಬೀಟೆಗೂ ಅದೇ ಗತಿ ಬರಬಹುದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಗುರುತಿಸಿದೆ. ಕಾಡಿನಲ್ಲಿ ಬೀಜದಿಂದ ಸಸಿ ಏಳುವುದೇ ಕಡಿಮೆ. ಎದ್ದದ್ದಕ್ಕೆ ಬೆಂಕಿ, ದನಗಳ ಕಾಟ. ವಯನಾಡಿನ ಮುಟ್ಟಿಲ್‌ನಲ್ಲಿ ನೂರಕ್ಕೂ ಹೆಚ್ಚು ಬೀಟೆ ಮರಗಳನ್ನು ಅಕ್ರಮವಾಗಿ ಉರುಳಿಸಿದ್ದು 2021ರಲ್ಲಿ ಬಯಲಾಯಿತು. 2017ರಿಂದ ಬೀಟೆಯ ಕುಲವಾದ ಡಾಲ್ಬರ್ಜಿಯಾ ಇಡಿಯಾಗಿ ಸೈಟಿಸ್ ಹತೋಟಿಗೆ ಬಂದಿದೆ. ಆದರೆ ಬೀಟೆಯ ಸಿದ್ಧ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ಹಾಗಾಗಿ ಕಾವಲೆಲ್ಲ ದಿಮ್ಮಿ, ಹಲಗೆಗಳ ಹಂತದಲ್ಲೇ ಬಿಗಿಯಾಗಬೇಕು.

ಇಷ್ಟಕ್ಕೂ ದನಿಗೆ ಬೀಟೆಯೇ ಬೇಕೇ? ಇಂಗ್ಲೆಂಡಿನ ಲ್ಯಾಂಕಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಬೆನ್ನು ಮತ್ತು ಪಕ್ಕೆಯ ಮರವೊಂದನ್ನು ಬಿಟ್ಟರೆ ಉಳಿದೆಲ್ಲ ಒಂದೇ ಬಗೆಯಾಗಿದ್ದ ಆರು ಗಿಟಾರುಗಳನ್ನು 52 ವಾದಕರು ಮಬ್ಬುಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ನುಡಿಸಿದರು. ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೆಲೆ, ವಾಲ್‌ನಟ್, ಎಲ್ಲಕ್ಕೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ. ದನಿಯ ಬಹುಪಾಲು ಹುಟ್ಟುವುದು ಮುಂಬದಿಯ ತೆಳು ಹಲಗೆಯಲ್ಲಿ.

ಬೀಟೆಯೇ ಬೇಕೆನ್ನುವವರಿಗೆ ಜಾವಾದ ನೆಡುತೋಪುಗಳ ಮರವಿದೆ. ಕಿರಿದಾದ ಹಲಗೆಗಳನ್ನು ಮೂರು ನಾಲ್ಕು ಜೋಡಿಸಿದರೂ ಒಳ್ಳೆಯ ಬೆನ್ನಾಗುತ್ತದೆ. ನಮ್ಮ ಡಿಪೋಗಳಲ್ಲಿ ಹರಾಜಾಗುವ ಬೀಟೆಯ ಘನ ಅಳತೆಯ ಜೊತೆಗೆ ದಿಮ್ಮಿಗಳ ಸುತ್ತಳತೆಯೂ ವರ್ಷವರ್ಷ ಪ್ರಕಟವಾಗಬೇಕು. ಸುತ್ತಳತೆ ಇಳಿಯತೊಡಗಿದ ವರ್ಷವೇ ಆ ಭಾಗದಲ್ಲಿ ಕಡಿತದ ಪರವಾನಗಿ ನಿಲ್ಲಬೇಕು.