ನೀಲಿ ಇನ್ಹೇಲರ್ ಒಂದೇ ಸಾಲದು

ಸೆಮಿಸ್ಟರ್ ರಜೆ ಮುಗಿಸಿ ಹಾಸ್ಟೆಲ್‌ಗೆ ಬಂದ ದಿನ ಇಬ್ಬರೂ ಸೇರಿ ರೂಮು ಗುಡಿಸಿದ್ವಿ. ಒಂದು ತಿಂಗಳ ಧೂಳು. ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ರೂಮ್‌ಮೇಟ್ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಎದೆಯಿಂದ ಸುಂಯ್ ಸುಂಯ್ ಸದ್ದು. "ಏನಾಯ್ತೋ ಮಗಾ?" ಅಂದ್ರೆ ಉತ್ತರ ಕೊಡೋಕೂ ಉಸಿರಿಲ್ಲ. ಬ್ಯಾಗಿನ ಕಡೆ ಕೈ ತೋರಿಸಿದ. ಒಳಗಿದ್ದ ನೀಲಿ ಇನ್ಹೇಲರ್ ಖಾಲಿ. ವಾರ್ಡನ್ ಸರ್ ಕಾರಲ್ಲಿ ಆಸ್ಪತ್ರೆಗೆ ಓಡಿದ್ವಿ. ನೆಬ್ಯುಲೈಸರ್ ಹಾಕಿದ ಮೇಲೆ ಬೆಳಗಿನ ಹೊತ್ತಿಗೆ ಸುಧಾರಿಸಿಕೊಂಡ.

ಡಾಕ್ಟರ್ ಕೇಳಿದ್ರು: "ನೀಲಿ ಇನ್ಹೇಲರ್ ಎಷ್ಟು ದಿನಕ್ಕೊಂದು ಖಾಲಿ ಮಾಡ್ತೀಯಪ್ಪಾ?"

"ತಿಂಗಳಿಗೊಂದು ಸರ್."

ಅವರ ಮುಖ ಗಂಭೀರ ಆಯ್ತು. ಯಾಕೆ ಅನ್ನೋದು ನಮಗೆಲ್ಲ ಗೊತ್ತಿರಬೇಕಾದ ವಿಷಯ.

ಪೈಪಿನ ಲೆಕ್ಕ

ಅಸ್ತಮಾ ಇರೋರ ಶ್ವಾಸನಾಳದಲ್ಲಿ ಮೂರು ತೊಂದರೆ ಆಗುತ್ತೆ: ಒಳಗೋಡೆ ಊದಿಕೊಳ್ಳುತ್ತೆ, ಸುತ್ತಲಿನ ಸ್ನಾಯು ಬಿಗಿಯುತ್ತೆ, ಕಫ ತುಂಬುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ. ಲ್ಯಾಮಿನಾರ್ ಹರಿವಿನಲ್ಲಿ ಪೈಪಿನ ತ್ರಿಜ್ಯ ಅರ್ಧ ಆದ್ರೆ ಪ್ರತಿರೋಧ ಎರಡಲ್ಲ, 16 ಪಟ್ಟು. ಉಸಿರಿಗಾಗಿ ಅವನು ಪಡ್ತಿದ್ದ ಕಷ್ಟ ನಾಟಕ ಅಲ್ಲ, ಗಣಿತ.

ನೀಲಿ ಇನ್ಹೇಲರ್‌ನಲ್ಲಿರೋದು ಸಾಮಾನ್ಯವಾಗಿ ಸಾಲ್ಬುಟಮಾಲ್. ಅದು ಕೆಲವೇ ನಿಮಿಷದಲ್ಲಿ ಸ್ನಾಯು ಸಡಿಲಿಸುತ್ತೆ. ಆದರೆ ಊತ ಹಾಗೇ ಉಳಿಯುತ್ತೆ. ನಲ್ಲಿ ಸೋರ್ತಿರುವಾಗ ಬರೀ ನೆಲ ಒರೆಸಿದ ಹಾಗೆ. 200 ಪಫ್‌ನ ಡಬ್ಬಿ ತಿಂಗಳಿಗೆ ಮುಗಿದ್ರೆ ದಿನಕ್ಕೆ ಸುಮಾರು 7 ಪಫ್. ವರ್ಷಕ್ಕೆ ಮೂರು ಡಬ್ಬಿ ದಾಟಿದ್ರೇ ತೀವ್ರ ದಾಳಿಯ ಅಪಾಯ ಹೆಚ್ಚು; ಹನ್ನೆರಡು ಮುಟ್ಟಿದ್ರೆ ಸಾವಿನ ಅಪಾಯವೂ ಹೆಚ್ಚು.

ಊತ ಇಳಿಸೋ ಔಷಧಿ

ಊತ ಇಳಿಸೋದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಗುಣ ಕಾಣೋಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಆರಾಮಾಗಿದ್ದೀನಿ ಅಂತ ನಾವೇ ನಿಲ್ಲಿಸಬಾರದು. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ಕೊಡುವ 'ಗಿನಾ' 2019ರಿಂದ ಹದಿಹರೆಯದವರಿಗೂ ವಯಸ್ಕರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ ಅನ್ನುತ್ತೆ. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಇನ್ಹೇಲರ್ ಊತವನ್ನೂ ಇಳಿಸುತ್ತೆ, ಉಬ್ಬಸ ಬಂದಾಗ ತಕ್ಷಣ ಆರಾಮವನ್ನೂ ಕೊಡುತ್ತೆ.

'ಸ್ಟೀರಾಯ್ಡ್' ಅಂದ ಕೂಡಲೇ ಹೆದರಬೇಡಿ. ಇದು ಜಿಮ್‌ನವರು ಚುಚ್ಚಿಕೊಳ್ಳೋ ಸ್ಟೀರಾಯ್ಡ್ ಅಲ್ಲ. ಡೋಸ್ ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತೆ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ರೆ ಬಾಯಲ್ಲಿ ಫಂಗಸ್ ಬರಬಹುದು.

"ಇನ್ಹೇಲರ್ ಅಭ್ಯಾಸ ಆಗುತ್ತೆ, ಮಾತ್ರೆ ಸಾಕು" ಅನ್ನೋರಿಗೂ ಒಂದು ಲೆಕ್ಕ. ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ. ಒಂದು ಪಫ್ 100 ಮೈಕ್ರೋಗ್ರಾಂ. ಒಂದು ಮಾತ್ರೆ ಅಂದ್ರೆ 40 ಪಫ್‌ನಷ್ಟು ಔಷಧಿ ಮೈಯೆಲ್ಲಾ ಸುತ್ತಿ ಬರುತ್ತೆ. ಕೈ ನಡುಕ, ಎದೆ ಡವಡವ ಅದಕ್ಕೇ. ರೂಮ್‌ಮೇಟ್‌ನನ್ನ ಚಿಕ್ಕಂದಿನಲ್ಲಿ ಮೃಗಶಿರಾ ಮಳೆ ಹೊತ್ತಿಗೆ ಹೈದರಾಬಾದಿಗೆ ಮೀನಿನ ಪ್ರಸಾದಕ್ಕೂ ಕರ್ಕೊಂಡು ಹೋಗಿದ್ರಂತೆ. ಅದರಿಂದ ಅಸ್ತಮಾ ವಾಸಿ ಆಗುತ್ತೆ ಅನ್ನೋಕೆ ವೈಜ್ಞಾನಿಕ ಪುರಾವೆ ಇಲ್ಲ. ನಂಬಿಕೆ ಅವರವರದ್ದು, ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ.

ಬಳಸೋದು ಹೇಗೆ?

ಪಂಪ್ ಥರದ ಇನ್ಹೇಲರ್ ಆದ್ರೆ ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಬಿಡಿ, ನಿಧಾನಕ್ಕೆ ಎಳೆದುಕೊಳ್ತಾ ಒತ್ತಿ, 10 ಸೆಕೆಂಡ್ ಹಿಡಿದಿಡಿ. ಟೈಮಿಂಗ್ ತಪ್ಪಿದ್ರೆ ಔಷಧಿಯ ಬಹುಪಾಲು ಗಂಟಲಿಗೆ ಬಡಿಯುತ್ತೆ. ಅದಕ್ಕೇ ಸ್ಪೇಸರ್ ಬಳಸಿ.

ಸ್ನೇಹಿತನಿಗೆ ದಾಳಿ ಬಂದ್ರೆ

ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ನೀಲಿ ಇನ್ಹೇಲರ್‌ನ ಒಂದೊಂದೇ ಪಫ್ ಸ್ಪೇಸರ್‌ಗೆ ಹಾಕಿ, ಪ್ರತಿ ಪಫ್‌ಗೆ 4 ಉಸಿರಿನಂತೆ 4 ಪಫ್ ಕೊಡಿ. 4 ನಿಮಿಷ ಕಾದು, ಆರಾಮ ಆಗದಿದ್ರೆ ಮತ್ತೆ 4 ಕೊಡಿ. ಆಗಲೂ ಆಗದಿದ್ರೆ 108. ಮಾತಾಡೋಕೇ ಆಗ್ತಿಲ್ಲ, ತುಟಿ ನೀಲಿಯಾಗಿದೆ ಅಂದ್ರೆ ಕಾಯದೆ ಮೊದಲೇ 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರೋವರೆಗೂ ಪಫ್ ಕೊಡ್ತಾ ಇರಿ.

ರೂಮ್‌ಮೇಟ್‌ಗೆ ಡಾಕ್ಟರ್ ಕೊಟ್ಟಿದ್ದು ಆ ಎರಡೂ ಸೇರಿದ ಇನ್ಹೇಲರ್. ಮೊದಲೆಲ್ಲ ಮುಜುಗರಕ್ಕೆ ಇನ್ಹೇಲರನ್ನ ಬ್ಯಾಗಿನ ತಳದಲ್ಲಿ ಬಚ್ಚಿಡ್ತಿದ್ದ. ಈಗ ಅದು ಟೂತ್‌ಬ್ರಷ್ ಪಕ್ಕದಲ್ಲೇ ಇರುತ್ತೆ. ಸಂಜೆ ವಾಲಿಬಾಲ್ ಆಡೋಕೂ ಬರ್ತಾನೆ. ನಿಮ್ಮ ರೂಮಿನಲ್ಲೂ ಒಂದು ನೀಲಿ ಡಬ್ಬಿ ಇದ್ರೆ, ಎಷ್ಟು ದಿನಕ್ಕೊಂದು ಖಾಲಿ ಆಗ್ತಿದೆ ಅಂತ ಇವತ್ತೇ ಕೇಳಿ. ಬೇಗ ಬೇಗ ಮುಗೀತಿದ್ರೆ ಡಾಕ್ಟರ್ ಹತ್ರ ಜೊತೆಗೆ ಹೋಗಿ ಬನ್ನಿ.